ನಾಣ್ಯ ಬೇಡ, ಸರದಿ ಬೇಕು

ಮನೆಗೆ ಬಂದವರನ್ನು ಆದರಿಸುವುದು ಗೃಹಸ್ಥನ ಮೊದಲ ಕರ್ತವ್ಯವೆಂದು ನಮ್ಮ ಹಿರಿಯರು ತಿಳಿದಿದ್ದರು. ಕಾಲಿಗೆ ನೀರು, ಬಾಯಾರಿಕೆಗೆ ಬೆಲ್ಲ ಮತ್ತು ನೀರು, ಕುಳಿತುಕೊಳ್ಳಲು ಒಂದು ಚಾಪೆ - ಇಷ್ಟರಿಂದಲೇ ಕರಾವಳಿಯ ಬಡಮನೆಯೂ ಬಂದವರ ಪಾಲಿಗೆ ಸ್ವಂತ ಮನೆಯಾಗುತ್ತಿತ್ತು. ಕಾಲ ಸರಿದಂತೆ ಅತಿಥಿಯ ಮುಂದಿರಿಸುವ ವಸ್ತುಗಳು ಬದಲಾಗಿವೆ. ವಸ್ತುಗಳೊಡನೆ ಮನಸ್ಸೂ ಬದಲಾಯಿತೇ ಎಂಬುದನ್ನು ಆಗಾಗ ಪರಿಶೀಲಿಸಿಕೊಳ್ಳುವುದು ಒಳಿತು.

ಈ ಮಾತಿಗೆ ಕಾರಣವಿದೆ. ನಮ್ಮ ಧರ್ಮಕೇಂದ್ರದಿಂದ ಹೋಗಿ ಅಮೆರಿಕದಲ್ಲಿ ನೆಲೆಸಿರುವ ಕುಟುಂಬವೊಂದು ತನ್ನೊಳಗಿನ ಭಿನ್ನಾಭಿಪ್ರಾಯವನ್ನು ನಮ್ಮ ಮುಂದಿರಿಸಿದೆ. ಮನೆಯ ಯಜಮಾನರು ನೆಲಮಾಳಿಗೆಯಲ್ಲಿ ಒಂದು ಆಟದ ಕೋಣೆಯನ್ನು ಸಜ್ಜುಗೊಳಿಸಿದ್ದಾರೆ. ಒಂದು ಕಾಲದಲ್ಲಿ ಆ ದೇಶದ ಅಂಗಡಿ, ಪಾನಗೃಹಗಳಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ಆಳೆತ್ತರದ ವೀಡಿಯೊ ಆಟದ ಯಂತ್ರಗಳನ್ನು ಗೋಡೆಯ ಬದಿಗೆ ಸಾಲಾಗಿ ನಿಲ್ಲಿಸಿ, ಶನಿವಾರ ಸಂಜೆ ಬಂಧುಮಿತ್ರರನ್ನು ಕರೆಯುತ್ತಾರೆ. ಮಕ್ಕಳು ಮೊಬೈಲ್ ಫೋನನ್ನು ಬದಿಗಿಟ್ಟು ನಾಲ್ಕು ಜನರೊಡನೆ ಬೆರೆಯಲಿ ಎಂಬುದು ಅವರ ಆಶಯ. ಊರಿನಿಂದ ಆರು ತಿಂಗಳ ಮಟ್ಟಿಗೆ ಹೋಗಿರುವ ಅವರ ತಾಯಿಗೆ ಇದು ಜೂಜುಕಟ್ಟೆಯನ್ನು ಮನೆಯೊಳಕ್ಕೆ ತಂದಂತೆ ತೋರಿದೆ. ಪತ್ನಿಯ ದೂರು ಬೇರೆ: ಬಂದವರು ಆಡುತ್ತಾರೆ, ಉಣ್ಣುತ್ತಾರೆ, ಹೋಗುತ್ತಾರೆ, ಯಾರೂ ಯಾರ ಸುಖದುಃಖವನ್ನೂ ವಿಚಾರಿಸುವುದಿಲ್ಲ.

ಮಗ, ತಾಯಿ, ಪತ್ನಿ - ಮೂವರ ಮಾತಿನಲ್ಲೂ ಸತ್ಯಾಂಶವಿದೆ. ಇಂಥ ಪ್ರಶ್ನೆ ಒಂದೇ ಮನೆಯದಲ್ಲವಾದುದರಿಂದ ಇದನ್ನು ಈ ಅಂಕಣದಲ್ಲಿ ಎತ್ತಿಕೊಳ್ಳುವುದು ಸೂಕ್ತವೆನಿಸಿತು.

ಯಂತ್ರದ ಹುಟ್ಟು

ಯಾವುದೇ ವಸ್ತುವಿನ ಗುಣದೋಷಗಳನ್ನು ನಿರ್ಣಯಿಸುವ ಮೊದಲು ಅದು ಯಾವ ಉದ್ದೇಶಕ್ಕಾಗಿ ಹುಟ್ಟಿತೆಂಬುದನ್ನು ಅರಿಯಬೇಕು. ನಾಣ್ಯ ಹಾಕಿ ಆಡುವ ವೀಡಿಯೊ ಆಟವು ವ್ಯಾಪಾರದ ರೂಪದಲ್ಲಿ ಮಾರುಕಟ್ಟೆಗೆ ಬಂದುದು 1971ರಲ್ಲಿ. 'ಕಂಪ್ಯೂಟರ್ ಸ್ಪೇಸ್' ಎಂಬ ಆ ಯಂತ್ರದ ಮುಂದೆ ಒಬ್ಬನೇ ನಿಂತು ಆಡಬೇಕಾಗಿತ್ತು. ಆಡುವ ಕ್ರಮವೂ ತೊಡಕಿನದಾಗಿತ್ತು. ಅದು ದೊಡ್ಡ ಯಶಸ್ಸನ್ನು ಕಾಣಲಿಲ್ಲ. ಮರುವರ್ಷ, ಅಂದರೆ 1972ರಲ್ಲಿ, ಅಟಾರಿ ಸಂಸ್ಥೆಯ ಆಲನ್ ಆಲ್ಕಾರ್ನ್ ಎಂಬವರು 'ಪಾಂಗ್' ಎಂಬ ಯಂತ್ರವನ್ನು ರೂಪಿಸಿದರು. ಕ್ಯಾಲಿಫೋರ್ನಿಯಾದ ಸನಿವೇಲ್ ಪಟ್ಟಣದ ಪಾನಗೃಹವೊಂದರಲ್ಲಿ ಅದನ್ನು ಪರೀಕ್ಷೆಗೆಂದು ಇರಿಸಲಾಯಿತು. ಕೆಲವೇ ದಿನಗಳಲ್ಲಿ ಯಂತ್ರ ಕೆಟ್ಟಿತೆಂಬ ಕರೆ ಬಂತು. ಹೋಗಿ ತೆರೆದು ನೋಡಿದರೆ, ಡಬ್ಬಿ ತುಂಬಿ ನಾಣ್ಯಗಳು ಉಕ್ಕಿದ್ದೇ ಕೆಡಲು ಕಾರಣವಾಗಿತ್ತು.

ಇಲ್ಲಿ ಗಮನಿಸಬೇಕಾದುದು ಒಂದಿದೆ. ಟೇಬಲ್ ಟೆನಿಸ್‌ನ್ನು ಹೋಲುವ ಆ ಆಟವನ್ನು ಒಬ್ಬರೇ ಆಡಲು ಬರುತ್ತಿರಲಿಲ್ಲ. ಎರಡು ತಿರುಗಣೆಗಳ ಬಳಿ ಇಬ್ಬರು ನಿಲ್ಲಲೇಬೇಕಾಗಿತ್ತು. ಜೊತೆಗಾರನಿಲ್ಲದವನು ಪಕ್ಕದಲ್ಲಿದ್ದ ಅಪರಿಚಿತನನ್ನು ಕರೆಯಬೇಕಾಗಿತ್ತು. ಒಂಟಿಯಾಗಿ ಆಡುವ ಯಂತ್ರ ಗೆಲ್ಲದಿದ್ದಲ್ಲಿ ಜೋಡಿಯಾಗಿ ಆಡುವ ಯಂತ್ರ ಗೆದ್ದಿತು.

1978ರಲ್ಲಿ ಜಪಾನಿನ 'ಸ್ಪೇಸ್ ಇನ್ವೇಡರ್ಸ್', 1980ರಲ್ಲಿ ಅದೇ ದೇಶದ 'ಪ್ಯಾಕ್-ಮ್ಯಾನ್' ಬಂದವು. ಪ್ಯಾಕ್-ಮ್ಯಾನ್‌ನ್ನು ರೂಪಿಸಿದ ತೋರು ಇವಾತಾನಿ ಅವರು, ಗಂಡಸರೇ ತುಂಬಿದ್ದ ಆಟದ ಅಂಗಡಿಗಳಿಗೆ ಹೆಂಗಸರೂ ಜೋಡಿಗಳೂ ಬರುವಂತಾಗಬೇಕೆಂಬ ಉದ್ದೇಶದಿಂದ, ಕೊಲ್ಲುವ ಆಟದ ಬದಲಿಗೆ ತಿನ್ನುವ ಆಟವನ್ನು ಆರಿಸಿಕೊಂಡರು. ಚಹಾದ ಮೇಜಿನಂತಹ ಮಾದರಿಯೂ ಇತ್ತು. ಗಾಜಿನ ಕೆಳಗೆ ಪರದೆ. ಇಬ್ಬರು ಎದುರುಬದುರಾಗಿ ಕುಳಿತರೆ, ಒಬ್ಬನ ಸರದಿ ಮುಗಿದೊಡನೆ ಚಿತ್ರವೇ ತಿರುಗಿ ಇನ್ನೊಬ್ಬನ ಕಡೆಗೆ ಮುಖಮಾಡುತ್ತಿತ್ತು. ಸರದಿ ಎಂಬುದು ಯಂತ್ರದೊಳಗೇ ಅಡಕವಾಗಿತ್ತು.

ತಾಯಿಯ ಆತಂಕ

ಆ ತಾಯಿಯ ಆತಂಕವನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಇಳಿಜಾರು ಹಲಗೆಯ ಮೇಲೆ ಉಕ್ಕಿನ ಗುಂಡು ಉರುಳಿಬರುವ 'ಪಿನ್‌ಬಾಲ್' ಯಂತ್ರಗಳನ್ನು ನ್ಯೂಯಾರ್ಕ್ ನಗರವು 1942ರಲ್ಲಿ ನಿಷೇಧಿಸಿತ್ತು. ಅಂದಿನ ಮೇಯರ್ ಲಾ ಗ್ವಾರ್ಡಿಯ ಅವರು ಸ್ವತಃ ಸುತ್ತಿಗೆ ಹಿಡಿದು ಯಂತ್ರಗಳನ್ನು ಒಡೆದರು. ಮಕ್ಕಳ ಕಿಸೆಯ ಚಿಲ್ಲರೆ ಕಾಸನ್ನು ಕಸಿಯುವ ಜೂಜೆಂದು ಅವರು ಅದನ್ನು ಪರಿಗಣಿಸಿದ್ದರು. ಗುಂಡನ್ನು ಮರಳಿ ಮೇಲಕ್ಕೆ ಹೊಡೆಯುವ ಕೈಗಳು ಆ ಯಂತ್ರಕ್ಕೆ ಬಂದುದೇ 1947ರಲ್ಲಿ. ಅದಕ್ಕೆ ಮೊದಲು ಗುಂಡು ಎಲ್ಲಿ ಬೀಳುವುದೆಂಬುದು ಬಹುಮಟ್ಟಿಗೆ ಅದೃಷ್ಟದ ಮಾತಾಗಿತ್ತು. 1976ರಲ್ಲಿ ನಗರಸಭೆಯ ಸದಸ್ಯರ ಮುಂದೆ ಆಟಗಾರನೊಬ್ಬನು ಆಡಿತೋರಿಸಿ, ಇದು ಕೈಚಳಕದ ಆಟವೆಂದು ಮನಗಾಣಿಸಿದ ಮೇಲೆಯೇ ನಿಷೇಧ ತೆರವಾಯಿತು.

ಜೂಜಿಗೆ ಪಣ ಬೇಕು. ಪಣವಿಲ್ಲದ, ನಾಣ್ಯ ಬೀಳದ ಆಟ ಜೂಜಾಗುವುದಿಲ್ಲ. ಊರ ಹಬ್ಬದಲ್ಲಿ ಹೌಸಿಯ ಟಿಕೇಟು ಹಿಡಿದು ಕುಳಿತುಕೊಳ್ಳುವಾಗ ನಮ್ಮಲ್ಲಿ ಯಾರಿಗೂ ಜೂಜಿನ ನೆನಪಾಗುವುದಿಲ್ಲ. ಹಾಗಿರುವಾಗ ಹಣದ ಸೋಂಕೇ ಇಲ್ಲದ ಆಟವನ್ನು ಆ ಹೆಸರಿನಿಂದ ಕರೆಯುವುದು ನ್ಯಾಯವಲ್ಲ. ಆದರೆ ಅತಿಥಿಗಳು ತಮ್ಮೊಳಗೆ ಹಣ ಕಟ್ಟಿಕೊಂಡು ಆಡತೊಡಗಿದ ದಿನ ಆ ತಾಯಿಯ ಮಾತು ನಿಜವಾಗುತ್ತದೆ. ಆ ಬಾಗಿಲನ್ನು ಯಜಮಾನರು ಮೊದಲೇ ಮುಚ್ಚಿಡಬೇಕು.

ನಾಣ್ಯ ಮರೆಯಾದಾಗ

ಯಂತ್ರ ಮನೆಗೆ ಬಂದ ಬಗೆಯನ್ನೂ ಸಂಕ್ಷೇಪವಾಗಿ ಹೇಳಬೇಕು. ಟೆಲಿವಿಷನ್ನಿಗೆ ಜೋಡಿಸುವ ಆಟದ ಪೆಟ್ಟಿಗೆಗಳು 1972ರಿಂದಲೇ ಇದ್ದವು. 1980ರ ದಶಕದಲ್ಲಿ ಅವು ಹೆಚ್ಚಿದಂತೆ ಅಂಗಡಿಗಳ ಜನಸಂದಣಿ ಕರಗಿತು. ಅಲ್ಲಿನ ಹಳೆಯ ಯಂತ್ರಗಳು ಮಾರಾಟವಾಗಿ ಅಭಿಮಾನಿಗಳ ಮನೆ ಸೇರಿದವು. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೊರಿಯ ಎಂಬವರು, ಹಳೆಯ ಯಂತ್ರಗಳ ವರ್ತನೆಯನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸುವ 'ಮೇಮ್' ಎಂಬ ತಂತ್ರಾಂಶವನ್ನು ಹೊರತಂದರು. 2018ರಿಂದ ಮೂಲಯಂತ್ರದ ಮುಕ್ಕಾಲು ಅಳತೆಯ ಹೊಸ ಪೆಟ್ಟಿಗೆಗಳು ಅಮೆರಿಕದ ಸಾಮಾನ್ಯ ಮಳಿಗೆಗಳಲ್ಲಿಯೂ ದೊರೆಯತೊಡಗಿದವು. ಹೀಗಾಗಿ ಅಪರೂಪದ ಸಂಗ್ರಾಹಕರ ಹವ್ಯಾಸವಾಗಿದ್ದುದು ಮಧ್ಯಮ ವರ್ಗದ ಮನೆಗೂ ಇಳಿದು ಬಂದಿದೆ.

ಈ ಯಂತ್ರಗಳ ಒಳಗೆ ಒಂದು ಸಣ್ಣ ಏರ್ಪಾಡು ಇರುತ್ತದೆ. ಅದಕ್ಕೆ 'ಫ್ರೀ ಪ್ಲೇ' ಎನ್ನುತ್ತಾರೆ. ಅದನ್ನು ಹೊಂದಿಸಿದರೆ ಯಂತ್ರವು ನಾಣ್ಯ ಕೇಳುವುದಿಲ್ಲ, ಗುಂಡಿಯೊತ್ತಿದವರೆಲ್ಲರೂ ಆಡಬಹುದು. ನಮ್ಮ ವಿಚಾರಕ್ಕೆ ಇದೇ ಕೇಂದ್ರಬಿಂದು. ಅಂಗಡಿಯಲ್ಲಿದ್ದಾಗ ಆ ಯಂತ್ರದ ಸ್ವಭಾವವೇನು? ಆಡುವವನು ಬೇಗ ಸೋಲಬೇಕು, ಆದರೆ ಇನ್ನೊಮ್ಮೆ ಆಡುವ ಆಸೆಯನ್ನು ಕಳೆದುಕೊಳ್ಳಬಾರದು. ಆಟ ಮುಂದುವರಿದಂತೆ ಕಠಿಣವಾಗುತ್ತಾ ಹೋಗುವುದು ಮುಂದಿನ ನಾಣ್ಯ ಬೀಳಲೆಂದೇ. ಗಳಿಸುವುದಕ್ಕಾಗಿ ನಿರ್ಮಿತವಾದ ಅದೇ ವಸ್ತು, ಒಬ್ಬ ಗೃಹಸ್ಥನ ಸಂಕಲ್ಪದಿಂದ ಕೊಡುವ ವಸ್ತುವಾಗಿ ಮಾರ್ಪಡುತ್ತದೆ. ಇದರಲ್ಲಿ ಒಂದು ಸೊಗಸಿದೆ ಎಂಬುದನ್ನು ನಾವು ಒಪ್ಪಿಕೊಳ್ಳುತ್ತೇವೆ.

ಆದರೆ ನಾಣ್ಯವು ಹಣ ಮಾತ್ರವಾಗಿರಲಿಲ್ಲ, ಮಿತಿಯೂ ಆಗಿತ್ತು. ಅಂಗಡಿಯಲ್ಲಿ ಹಿಂದೆ ನಿಂತವನು ತನ್ನ ನಾಣ್ಯವನ್ನು ಯಂತ್ರದ ಅಂಚಿನ ಮೇಲಿರಿಸಿ ಮುಂದಿನ ಸರದಿ ತನ್ನದೆಂದು ಸೂಚಿಸುತ್ತಿದ್ದ. ಇದು ಯಾರೂ ಬರೆದಿಡದೆ ಎಲ್ಲರೂ ಪಾಲಿಸುತ್ತಿದ್ದ ಶಾಸನ. ಸೋತವನು ಸರಿದು ನಿಲ್ಲುತ್ತಿದ್ದ; ಕಿಸೆ ಬರಿದಾದವನು ಮನೆಗೆ ಹೋಗುತ್ತಿದ್ದ. ಮನೆಯ ಕೋಣೆಯಲ್ಲಿ ಈ ಮಿತಿಗಳೆಲ್ಲ ಒಮ್ಮೆಲೇ ಇಲ್ಲವಾಗುತ್ತವೆ. ಮನೆಯ ಮಗ ತನ್ನ ಯಂತ್ರದ ಮುಂದಿನಿಂದ ಕದಲುವುದಿಲ್ಲ. ಅತಿಥಿಯ ಮಗು ಬಾಗಿಲ ಬಳಿ ನಿಂತು ನೋಡುತ್ತಿರುತ್ತದೆ. ನಾಣ್ಯವನ್ನು ತೆಗೆದುಹಾಕಿದ ಆತಿಥೇಯನು ಅದರ ಸ್ಥಾನದಲ್ಲಿ ಸರದಿಯನ್ನು ತಾನೇ ಸ್ಥಾಪಿಸಬೇಕು. ಇಲ್ಲವಾದರೆ ಬಿಟ್ಟಿಯಾಗಿ ದೊರೆತುದು ಬಲಶಾಲಿಯ ಪಾಲಾಗುತ್ತದೆ. ನಾವು ಹೇಳಬೇಕಾದ ಮುಖ್ಯ ಮಾತು ಇದು.

ಬಿಗಿದ ಬಿಲ್ಲು

ಆಟವೆಂದರೆ ಕಾಲಹರಣವೆಂದು ಭಾವಿಸುವ ಗಂಭೀರರು ನಮ್ಮಲ್ಲಿ ಕಡಿಮೆಯಿಲ್ಲ. ತತ್ತ್ವಶಾಸ್ತ್ರದ ಪರಂಪರೆ ಹಾಗೆ ಹೇಳುವುದಿಲ್ಲ. ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ನಾಲ್ಕನೆಯ ಭಾಗದಲ್ಲಿ ವಿನೋದಶೀಲತೆಯನ್ನು ಸದ್ಗುಣಗಳ ಸಾಲಿಗೆ ಸೇರಿಸಿದ್ದಾನೆ. ಒಂದು ತುದಿಯಲ್ಲಿ ಎಲ್ಲವನ್ನೂ ನಗೆಪಾಟಲು ಮಾಡುವ ವಿದೂಷಕ, ಇನ್ನೊಂದು ತುದಿಯಲ್ಲಿ ತಾನೂ ನಗದೆ ಇತರರ ನಗುವನ್ನೂ ಸಹಿಸದ ಒರಟ; ಇವೆರಡರ ನಡುವಿನ ಹದವೇ ಸದ್ಗುಣ.

13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಇದೇ ವಿಚಾರವನ್ನು ಮುಂದುವರಿಸುತ್ತಾ, ಪ್ರಾಚೀನ ಸನ್ಯಾಸಿಗಳಲ್ಲಿ ಪ್ರಚಲಿತವಾಗಿದ್ದ ಒಂದು ಕತೆಯನ್ನು ನೆನೆಯುತ್ತಾರೆ. ಸಂತ ಯೊವಾನ್ನರು ಶಿಷ್ಯರೊಡನೆ ಆಟವಾಡುತ್ತಿದ್ದುದನ್ನು ಕಂಡು ಕೆಲವರು ಹುಬ್ಬುಗಂಟಿಕ್ಕಿದಾಗ, ಅವರಲ್ಲಿದ್ದ ಬಿಲ್ಲುಗಾರನೊಬ್ಬನಿಗೆ ಒಂದರ ಮೇಲೊಂದು ಬಾಣ ಬಿಡುವಂತೆ ಯೊವಾನ್ನರು ಹೇಳಿದರಂತೆ. ಹೀಗೆಯೇ ನಿಲ್ಲಿಸದೆ ಬಿಡಬಲ್ಲೆಯಾ ಎಂದು ಕೇಳಿದಾಗ, ಬಿಲ್ಲು ಮುರಿಯುತ್ತದೆಂದು ಅವನು ಉತ್ತರಿಸಿದನು. ಮನಸ್ಸೂ ಹಾಗೆಯೇ ಎಂಬುದು ಕತೆಯ ತಾತ್ಪರ್ಯ. ಅಕ್ವಿನಾಸರು ಆಟಕ್ಕೆ ಮೂರು ಕಟ್ಟಳೆಗಳನ್ನು ವಿಧಿಸುತ್ತಾರೆ: ಆಟದಲ್ಲಿ ಅಸಭ್ಯವೂ ಹಾನಿಕರವೂ ಆದ ನಡೆನುಡಿ ಇರಬಾರದು, ಮನಸ್ಸಿನ ಹತೋಟಿ ಪೂರ್ತಿಯಾಗಿ ತಪ್ಪಬಾರದು, ವ್ಯಕ್ತಿ, ಸ್ಥಳ, ಕಾಲಗಳಿಗೆ ಆಟ ಒಪ್ಪುವಂತಿರಬೇಕು. ವಿನೋದವನ್ನೇ ಅರಿಯದೆ ಇತರರಿಗೆ ಹೊರೆಯಾಗುವವನದೂ ದೋಷವೇ ಎಂದು ಅವರು ಸೇರಿಸಿರುವುದನ್ನು ಮರೆಯಬಾರದು.

ನೆಲಮಾಳಿಗೆಯ ಕೋಣೆಗೆ ಈ ಮೂರು ಅಳತೆಗಳು ಸಾಕು. ಮೊದಲನೆಯದು ಯಾವ ಆಟವೆಂಬುದನ್ನು ಕುರಿತದ್ದು. 1992ರಲ್ಲಿ ಬಂದ 'ಮಾರ್ಟಲ್ ಕಾಂಬ್ಯಾಟ್' ಎಂಬ ಕಾಳಗದ ಆಟದ ರಕ್ತಪಾತವು ಅಮೆರಿಕದ ಸೆನೆಟ್ಟಿನಲ್ಲಿ ವಿಚಾರಣೆಗೆ ಬರುವಷ್ಟು ವಿವಾದಕ್ಕೆ ಕಾರಣವಾಯಿತು. 1994ರಲ್ಲಿ ಆಟಗಳಿಗೆ ವಯಸ್ಸಿನ ಶ್ರೇಣಿ ನೀಡುವ ಮಂಡಳಿ ಅಲ್ಲಿ ಸ್ಥಾಪನೆಯಾಯಿತು. ತನ್ನ ಮಗನಿಗೆ ತಾನು ಅನುಮತಿಸಿದ ಆಟಕ್ಕೆ ಇನ್ನೊಬ್ಬರ ಮಗುವನ್ನು ಕೇಳದೆ ಕೂರಿಸುವುದು ಆತಿಥ್ಯವಾಗದು. ಎರಡನೆಯದು ಸೋಲುಗೆಲುವಿನ ಹದ. ಮೂರನೆಯದು, ಯಾರೊಡನೆ ಮತ್ತು ಎಷ್ಟು ಹೊತ್ತು ಎಂಬ ಪ್ರಶ್ನೆ.

ಪತ್ನಿಯ ದೂರು

ಇನ್ನು ಮನೆಯೊಡತಿಯ ಮಾತು. ನಮ್ಮ ದೃಷ್ಟಿಯಲ್ಲಿ ಮೂರು ಮಾತುಗಳಲ್ಲಿ ಅತ್ಯಂತ ತೂಕದ್ದು ಇದೇ. ದೂರದೇಶದಲ್ಲಿ ನೆರೆಹೊರೆಯವರು ಹೇಳದೆ ಕೇಳದೆ ಒಳಗೆ ಬರುವುದಿಲ್ಲ. ವಾರವಿಡೀ ದುಡಿದವರಿಗೆ ಶನಿವಾರದ ಸಂಜೆಯೊಂದೇ ತಮ್ಮವರ ಮುಖ ಕಾಣುವ ಅವಕಾಶ. ಕೆಲಸ ಕಳೆದುಕೊಳ್ಳುವ ಭಯ, ಊರಿನಲ್ಲಿರುವ ವೃದ್ಧ ತಂದೆಯ ಕಾಯಿಲೆ, ಮಗಳ ಮೌನ - ಇವುಗಳನ್ನೆಲ್ಲ ಮನಸ್ಸಿನಲ್ಲಿ ಹೊತ್ತು ಬಂದವರು ಮೂರು ಗಂಟೆ ಪರದೆ ನೋಡಿ ಹಾಗೆಯೇ ಹೊತ್ತು ಹಿಂದಿರುಗಿದರೆ, ಆ ಮನೆ ಅವರಿಗೆ ಕೊಟ್ಟುದೇನು?

ಇದು ಯಂತ್ರದ ದೋಷವಲ್ಲ, ಏರ್ಪಾಡಿನ ದೋಷ. ಆದುದರಿಂದ ಏರ್ಪಾಡಿನಿಂದಲೇ ಸರಿಪಡಿಸಬಹುದು. ಯಂತ್ರಗಳು ಕೋಣೆಯ ಒಂದು ಬದಿಯಲ್ಲಿರಲಿ. ಇನ್ನೊಂದು ಬದಿಯಲ್ಲಿ, ಆಟಗಾರರ ಬೆನ್ನಿಗಲ್ಲ, ಪರಸ್ಪರರ ಮುಖಕ್ಕೆ ಎದುರಾಗಿ ಕುರ್ಚಿಗಳಿರಲಿ. ಯಂತ್ರಗಳ ಸದ್ದನ್ನು ಮಾತು ಕೇಳಿಸುವಷ್ಟು ತಗ್ಗಿಸಬೇಕು. ಪ್ರತಿಯೊಂದರಲ್ಲೂ ಧ್ವನಿಯನ್ನು ಹೊಂದಿಸಲು ಸಾಧ್ಯವಿದೆ. ಊಟದ ಮೇಜು ಬೇರೆಯಿರಲಿ, ಸಾಧ್ಯವಾದರೆ ಮಹಡಿಯ ಮೇಲೆಯೇ ಇರಲಿ. ಎಣ್ಣೆಗೈಯಿಂದ ಗುಂಡಿಗಳು ಹಾಳಾಗುವುದು ತಪ್ಪುತ್ತದೆ ಎಂಬುದು ಚಿಕ್ಕ ಲಾಭ. ಎಲ್ಲರೂ ಆಟ ನಿಲ್ಲಿಸಿ ಒಟ್ಟಿಗೆ ಕುಳಿತು ಉಣ್ಣುತ್ತಾರೆ ಎಂಬುದು ದೊಡ್ಡ ಲಾಭ.

ಯಂತ್ರಗಳ ಆಯ್ಕೆಯಲ್ಲೂ ವಿವೇಕ ಬೇಕು. ಒಬ್ಬನೇ ಗಂಟೆಗಟ್ಟಲೆ ಆಡುವ ಆಟಕ್ಕಿಂತ ನಾಲ್ವರು ಭುಜಕ್ಕೆ ಭುಜ ತಾಗಿಸಿ ನಿಂತು ಒಂದೇ ಪಕ್ಷವಾಗಿ ಆಡುವ ಆಟ ಮೇಲು. 1985ರ 'ಗಾಂಟ್ಲೆಟ್' ಅಂಥದೊಂದು. ಅದರಲ್ಲಿ ನಾಲ್ವರ ಬಲವೂ ಕ್ಷಣಕ್ಷಣಕ್ಕೆ ಕುಗ್ಗುತ್ತಿರುತ್ತದೆ. ದಾರಿಯಲ್ಲಿ ಅಲ್ಲಲ್ಲಿ ಆಹಾರವಿರುತ್ತದೆ. ಯಾರ ಬಲ ಅತಿ ಕಡಿಮೆಯೋ ಅವನಿಗೆ ಅದನ್ನು ಬಿಟ್ಟುಕೊಟ್ಟರೆ ನಾಲ್ವರೂ ಮುಂದೆ ಸಾಗಬಹುದು. ಆತುರದವನು ತಾನೇ ಕಬಳಿಸಬಹುದು, ಅಥವಾ ಅಜಾಗರೂಕತೆಯಿಂದ ಗುರಿಯಿಟ್ಟು ಯಾರಿಗೂ ಸಿಗದಂತೆ ಆಹಾರವನ್ನೇ ನಾಶಮಾಡಬಹುದು. ಹಂಚಿಕೊಂಡು ಬಾಳಬೇಕೆಂದು ಮಕ್ಕಳಿಗೆ ನಾವು ಮಾಡುವ ಉಪದೇಶಕ್ಕಿಂತ ಈ ಅರ್ಧ ಗಂಟೆ ಹೆಚ್ಚು ಕಲಿಸೀತು.

ಸುರಕ್ಷತೆಯ ಮಾತನ್ನೂ ಸೇರಿಸಬೇಕು. ಹಳೆಯ ಪೂರ್ಣ ಅಳತೆಯ ಯಂತ್ರವು ನೂರು ಕಿಲೋಗ್ರಾಂಗಿಂತ ಹೆಚ್ಚು ತೂಗುವುದುಂಟು. ಮಗು ಜೋತುಬಿದ್ದರೆ ಉರುಳದಂತೆ ಭದ್ರವಾಗಿ ನಿಲ್ಲಿಸಬೇಕು. ಹಳೆಯ ಚಿತ್ರನಳಿಕೆಯೊಳಗೆ ಸ್ವಿಚ್ಚು ಆರಿಸಿದ ಮೇಲೂ ಅಪಾಯಕರ ವಿದ್ಯುತ್ತು ಉಳಿದಿರುತ್ತದೆಯಾದುದರಿಂದ ಹಿಂಬದಿಯ ಬಾಗಿಲಿಗೆ ಬೀಗವಿರಲೇಬೇಕು.

ಯಾರಿಗೆ ಮೊದಲ ಸರದಿ?

ಸರದಿಯ ನಿಯಮ ಸರಳವಾಗಿರಲಿ. ಮೊದಲ ಆಟ ಅತಿಥಿಯದು, ಅತಿಥಿಗಳಲ್ಲಿ ಚಿಕ್ಕವರದು. ಮನೆಯವರದು ಕೊನೆಗೆ. ಒಂದು ಆಟ ಮುಗಿದವನು ತಾನೇ ಮುಂದಿನವನ ಹೆಸರು ಹಿಡಿದು ಕರೆಯಲಿ. ಮೂರು ದಿನಗಳಲ್ಲಿ ಮಕ್ಕಳಿಗೆ ಇದು ರೂಢಿಯಾಗುತ್ತದೆ. ಯಂತ್ರಗಳು ಅತ್ಯಧಿಕ ಅಂಕ ಗಳಿಸಿದವರ ಪಟ್ಟಿಯನ್ನು ಪರದೆಯ ಮೇಲೆ ತೋರಿಸುತ್ತಿರುತ್ತವೆ. ಎಲ್ಲ ಸಾಲುಗಳಲ್ಲೂ ಮನೆಯ ಯಜಮಾನನ ಹೆಸರೇ ಮೆರೆಯುತ್ತಿದ್ದರೆ, ಅತಿಥಿಗಳನ್ನು ಕರೆಸಿದ್ದು ಆಡಿಸಲೋ, ಚಪ್ಪಾಳೆ ತಟ್ಟಿಸಲೋ ಎಂಬ ಸಂದೇಹ ಮೂಡುತ್ತದೆ. ವಾರವಿಡೀ ಅಭ್ಯಾಸ ಮಾಡಿದವನು ಒಂದು ಸಂಜೆ ಸೋತುಕೊಟ್ಟರೆ ಅವನ ಮರ್ಯಾದೆಗೆ ಕುಂದಿಲ್ಲ.

ಮಹಡಿಯ ಮೇಲೆ ಒಬ್ಬರೇ ಕುಳಿತಿರುವ ಆ ತಾಯಿಯನ್ನು ಮರೆಯದಿರೋಣ. ಭಾಷೆ ಬಾರದ ಊರಿನಲ್ಲಿ, ಮಗನ ಮನೆಯಲ್ಲಿ, ಆರು ತಿಂಗಳು ಕಳೆಯಲು ಹೋದವರು ಅವರು. ಕೆಳಗಿನಿಂದ ನಗುವಿನ ಸದ್ದು ಕೇಳಿಸುತ್ತಿರುವಾಗ ಮೇಲೆ ಒಂಟಿಯಾಗಿ ಜಪಸರ ಹಿಡಿದು ಕುಳಿತವರಿಗೆ ಅದು ಜೂಜುಕಟ್ಟೆಯಂತೆ ತೋರಿದರೆ ಆಶ್ಚರ್ಯವೇನು? ಅವರನ್ನು ಕೈಹಿಡಿದು ಕೆಳಗೆ ಕರೆತರಬೇಕು. ಯಂತ್ರ ಬೇಡವೆಂದರೆ ಒಂದು ಮೂಲೆಯಲ್ಲಿ ಕೇರಂ ಹಲಗೆಯಿರಲಿ. ನಾಲ್ವರು ಸುತ್ತ ಕುಳಿತು, ಒಂಬತ್ತು ಬಿಳಿ, ಒಂಬತ್ತು ಕಪ್ಪು, ಒಂದು ಕೆಂಪು ಕಾಯಿಯೊಡನೆ ಸರದಿಯಂತೆ ಆಡುವ ಆ ಆಟ ನಮ್ಮ ಕರಾವಳಿಯ ಎಷ್ಟೋ ಜಗಲಿಗಳಲ್ಲಿ ಮಳೆಗಾಲವನ್ನು ಕಳೆಯಿಸಿದೆ. ಅಜ್ಜಿಯ ಎದುರು ಕುಳಿತು ಸೋತ ಮೊಮ್ಮಗನಿಗೆ ಅಜ್ಜಿಯ ಭಾಷೆಯೂ ನಾಲ್ಕು ಮಾತಿನಷ್ಟು ಬಂದೀತು.

ಯಾರನ್ನು ಕರೆಯಬೇಕೆಂಬುದು ಕೊನೆಯ ಪ್ರಶ್ನೆ, ಎಲ್ಲಕ್ಕಿಂತ ಕಠಿಣವಾದುದು. ಔತಣಕ್ಕೆ ಮರಳಿ ಕರೆಯಬಲ್ಲ ಬಂಧುಗಳನ್ನೂ ಸಿರಿವಂತ ನೆರೆಯವರನ್ನೂ ಅಲ್ಲ, ಪ್ರತಿಯಾಗಿ ಏನನ್ನೂ ಕೊಡಲಾರದವರನ್ನು ಕರೆಯಿರೆಂದು ಪ್ರಭು ಯೇಸು ಬೋಧಿಸಿದುದನ್ನು ಸಂತ ಲೂಕರ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದಲ್ಲಿ ಓದುತ್ತೇವೆ. ಅಮೆರಿಕದ ಊರೊಂದರಲ್ಲಿ ಅಂಥವರು ಯಾರು? ಮೊನ್ನೆ ಮೊನ್ನೆ ಬಂದಿಳಿದ, ಕಾರಿಲ್ಲದ, ಬಾಡಿಗೆಯ ಹಂಚಿಕೋಣೆಯಲ್ಲಿರುವ ವಿದ್ಯಾರ್ಥಿ. ಪತಿಯನ್ನು ಕಳೆದುಕೊಂಡು ಮಕ್ಕಳೊಡನಿರುವ ಸಹೋದರಿ. ಓಡಾಟ ಕಷ್ಟವಾದುದರಿಂದ ಯಾರೂ ಕರೆಯದ, ಅಂಗವೈಕಲ್ಯವುಳ್ಳ ಬಾಲಕ. ಅವನ ಗಾಲಿಕುರ್ಚಿಗೆ ಎಟಕುವಂತೆ ಮೇಜಿನ ಮಾದರಿಯ ಯಂತ್ರವೊಂದನ್ನು ಇರಿಸಿದರೆ ಅವನೂ ಎಲ್ಲರಂತೆ ಆಡಬಲ್ಲ. ಇಂಥವರನ್ನು ಕಾರಿನಲ್ಲಿ ಕರೆತಂದು, ಆಡಿಸಿ, ಉಣಿಸಿ, ಮರಳಿ ಬಿಟ್ಟುಬರುವ ಶ್ರಮವಿದೆಯಲ್ಲ, ಆ ಕೋಣೆಯ ನಿಜವಾದ ಬೆಲೆ ಅದು.

ಇಷ್ಟೊಂದು ಹಣವನ್ನು ಬಡವರಿಗೆ ಕೊಡಬಹುದಾಗಿತ್ತಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಸಾಲ ಮಾಡಿ, ಪತ್ನಿಯ ಒಪ್ಪಿಗೆಯಿಲ್ಲದೆ, ದಾನದ ಪಾಲನ್ನು ಕಡಿತಗೊಳಿಸಿ ಕೊಂಡ ಯಂತ್ರಕ್ಕೆ ನಾವು ಯಾವ ಸಮರ್ಥನೆಯನ್ನೂ ಕೊಡಲಾರೆವು. ಆದರೆ ತನ್ನ ಕರ್ತವ್ಯಗಳನ್ನು ಸಲ್ಲಿಸಿ ಉಳಿದುದರಿಂದ ಕೊಂಡುದಾದರೆ, ಅದನ್ನು ಬಳಸುವವರ ಸಂಖ್ಯೆಯೇ ಅದರ ಸಮರ್ಥನೆ. ಇದೇ ಅಳತೆಗೋಲು ನಮ್ಮ ಊರಿನ ಮನೆಗಳಿಗೂ ಅನ್ವಯಿಸುತ್ತದೆ. ವಿಶಾಲವಾದ ಚಾವಡಿ ಕಟ್ಟಿಸಿ, ದೊಡ್ಡ ಟೆಲಿವಿಷನ್ ತೂಗುಹಾಕಿ, ಗೇಟಿಗೆ ಬೀಗ ಜಡಿದಿರುವ ಮನೆಗಳು ನಮ್ಮಲ್ಲೂ ಇವೆ.

ಆದುದರಿಂದ ಆ ಕುಟುಂಬಕ್ಕೆ ನಮ್ಮ ಸಲಹೆ ಇದು. ಕೋಣೆಯನ್ನು ಮುಚ್ಚಬೇಡಿ. ಯಜಮಾನರು ಸರದಿಯನ್ನು ನೋಡಿಕೊಳ್ಳಲಿ, ಪತ್ನಿ ಆಟ ನಿಲ್ಲಿಸುವ ಹೊತ್ತನ್ನು ನಿಶ್ಚಯಿಸಲಿ, ತಾಯಿ ಮೊದಲ ಅತಿಥಿಯಾಗಲಿ. ಮುಂದಿನ ಶನಿವಾರ, ಇದುವರೆಗೆ ನಿಮ್ಮ ಮನೆಯ ಮೆಟ್ಟಿಲು ಹತ್ತದ ಒಬ್ಬರನ್ನಾದರೂ ಕರೆಯಿರಿ. ಅವರು ಹೊರಡುವಾಗ ಅವರ ಊರು, ಅವರ ಮನೆಯವರ ಹೆಸರು, ಅವರ ಮನಸ್ಸಿನ ಒಂದು ಚಿಂತೆ ನಿಮಗೆ ತಿಳಿದಿದ್ದರೆ, ಆ ಸಂಜೆಯ ಆಟ ಸಾರ್ಥಕವಾಯಿತೆಂದು ತಿಳಿಯಿರಿ.